ಬಿಳಿ ಗೆರೆಯ ಈಚೆ ನಿಂತು ಅಂಕ ಕೂಗಿದ್ದು

"ಆಂಟಿ, ಕಾಲರ್ ಆಗ್ಬೇಕು ಅಂದ್ರೆ ಏನ್ ಪ್ರಿಪೇರ್ ಮಾಡ್ಕೋಬೇಕು?" ಎಂದು ನೀನು ಕೇಳಿದೆ, ರುಕ್ಸಾನಾ. ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಕೇಳಿದ ಪ್ರಶ್ನೆ ಅದು. ಮಂಗಳೂರಿನಿಂದ ಮ್ಯಾಂಚೆಸ್ಟರಿಗೆ ಓದಲು ಬಂದ ಹುಡುಗಿ ಫಾಲೋಫೀಲ್ಡಿನ ಪಬ್ಬಿನಲ್ಲಿ ವಿದ್ಯಾರ್ಥಿಗಳ ಡಾರ್ಟ್ಸ್ ಲೀಗಿಗೆ ಅಂಕ ಕೂಗುತ್ತಿದ್ದಾಳೆ ಎಂದು ಕೇಳಿಯೇ ನನಗೆ ಹಸಿವು ಹೋಗಿತ್ತು. ಕೈಯಲ್ಲಿ ತಟ್ಟೆ, ಹಿಂದೆ ನೂಕುವ ಜನ, ಅವಸರದಲ್ಲಿ ಏನೋ ಹೇಳಿ ಮುಂದೆ ಸಾಗಿದೆ. ನಿವೃತ್ತಳಾದ ಮೇಲೆ ಸಮಯಕ್ಕೇನೂ ಬರವಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಬೇರೆಯವರೂ ಓದಲಿ, ನನ್ನದೇನೂ ಅಡ್ಡಿಯಿಲ್ಲ.

ಆಟ ತಿಳಿಯದವರಿಗಾಗಿ ಎರಡು ಮಾತು. ಡಾರ್ಟ್ಸ್ ಎಂದರೆ ಗುಂಡನೆಯ ಬೋರ್ಡಿಗೆ ಸರದಿಯ ಮೇಲೆ ಮೂರು ಮೂರು ಡಾರ್ಟ್ ಎಸೆಯುವುದು. ಐನೂರ ಒಂದರಿಂದ ಶುರು ಮಾಡಿ, ಗಳಿಸಿದ ಅಂಕವನ್ನು ಕಳೆಯುತ್ತಾ ಬಂದು ಸೊನ್ನೆಗೆ ಮುಟ್ಟಬೇಕು. ಕೊನೆಯ ಡಾರ್ಟು ಬೋರ್ಡಿನ ಅಂಚಿನಲ್ಲಿರುವ ಡಬಲ್ ಎಂಬ ಕಿರಿದಾದ ಪಟ್ಟಿಯಲ್ಲೇ ನಾಟಬೇಕು. ಬೇಕಾದದ್ದಕ್ಕಿಂತ ಹೆಚ್ಚು ಹೊಡೆದರೆ ಆ ಸರದಿ ಪೂರ್ತಿ ವ್ಯರ್ಥ, ಆಗ 'ನೋ ಸ್ಕೋರ್' ಎಂದು ಕೂಗುತ್ತಾರೆ. ಹೀಗೆ ಬೋರ್ಡಿನ ಪಕ್ಕದಲ್ಲಿ ನಿಂತು ಅಂಕ ಕೂಗಿ, ತಕರಾರು ಬಂದರೆ ತೀರ್ಪು ಕೊಡುವವರೇ ಕಾಲರ್. ತೊಂಬತ್ತರ ದಶಕದ ಕೊನೆಯಿಂದ ನಾನು ಮಾಡಿದ ಕೆಲಸ ಇದು.

ಇದನ್ನು ಕೆಲಸವೆಂದು ಒಪ್ಪದವರೇ ಹೆಚ್ಚು. ನಮ್ಮವರಂತೂ ಒಪ್ಪಲೇ ಇಲ್ಲ. ಸೊಲಿಹಲ್‌ನಲ್ಲಿ ಡಾಕ್ಟರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋದಾಗ ನನ್ನ ಯಜಮಾನರು ಬಸವರಾಜ, ಕಾರ್ ಕಾರ್ಖಾನೆಯ ಎಂಜಿನಿಯರು, "ನಮ್ಮಾಕಿ ಈವೆಂಟ್ಸ್‌ನ್ಯಾಗ ಇದ್ದಾಳ" ಎಂದರು. ನನಗೆ ರೇಗಿತು. "ಈವೆಂಟ್ಸೂ ಇಲ್ಲ ಏನೂ ಇಲ್ರಿ, ನಾ ಪಬ್ಬಿನ್ಯಾಗ ಡಾರ್ಟ್ಸ್ ಅಂಕ ಒದರ್ತೀನಿ" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಡಾಕ್ಟರ ಹೆಂಡತಿ ಚುರುಮುರಿ ಗಿರಮಿಟ್ಟಿನ ಚಮಚವನ್ನು ಬಾಯಿಗೆ ಒಯ್ಯುವುದನ್ನೇ ಮರೆತರು.

ಕೆಲಸಕ್ಕೆ ಬಿದ್ದದ್ದು ಅವರಿಂದಲೇ. ಕಾರ್ಖಾನೆಯ ಕ್ಲಬ್ಬಿನಲ್ಲಿ ಶನಿವಾರ ಸಂಜೆ ಡಾರ್ಟ್ಸ್ ಇರುತ್ತಿತ್ತು. ನನಗಾಗ ಕಾರು ಓಡಿಸಲು ಬರುತ್ತಿರಲಿಲ್ಲ. ಕಿತ್ತಳೆ ರಸ ಹಿಡಿದು ಅವರಿಗಾಗಿ ಕಾಯುತ್ತಾ ಕೂರುತ್ತಿದ್ದೆ. ಅಲ್ಲಿನ ಪದ್ಧತಿ ಏನೆಂದರೆ ಆಡಬೇಕೆನ್ನುವವನು ಮೊದಲು ಬೇರೆಯವರ ಆಟಕ್ಕೆ ಸೀಮೆಸುಣ್ಣ ಹಿಡಿದು ಲೆಕ್ಕ ಬರೆಯಬೇಕು. ಬರೆಯುವವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ನನಗೆ ಉತ್ತರ ಬಂದಿರುತ್ತಿತ್ತು. ಧಾರವಾಡದಲ್ಲಿ ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಒಪ್ಪಿಸದೆ ನಮಗೆ ಬೆಳಗಿನ ಅವಲಕ್ಕಿ ಸಿಗುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಕೂತಲ್ಲಿಂದಲೇ ಉತ್ತರ ಹೇಳಿಬಿಟ್ಟೆ. ಇನ್ನೊಂದು ಸರದಿಯಲ್ಲೂ ಹೇಳಿದೆ. ಮೂರನೆಯ ಸಲ ಒಬ್ಬ ದಪ್ಪ ಮೀಸೆಯ ಮುದುಕ ಬಂದು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟ.

ಅವರೇ ವಾಲ್ಟರ್. ಡಡ್ಲಿ ಎಂಬ ಊರಿನವರು, ಆ ಭಾಗದ ಎಲ್ಲ ಕಾಲರ್‌ಗಳಿಗೂ ಹಿರಿಯರು, ಮುಂದೆ ನನ್ನ ಮೇಲಧಿಕಾರಿ. ಹೊಗಳುವುದು ಅವರ ಜಾತಕದಲ್ಲೇ ಇರಲಿಲ್ಲ. ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನನ್ನನ್ನು ನಿಲ್ಲಿಸಿ, ಹೊರಗೆ ತೋಟದಲ್ಲಿ ತಾವು ಗಿಡಕ್ಕೆ ನೀರು ಹಾಕುತ್ತಾ, "ಕೇಳಿಸ್ತಿಲ್ಲ, ಇನ್ನೊಂದ್ಸಲ" ಎನ್ನುತ್ತಿದ್ದರು. ಆಟಗಾರನ ಮುಖ ನೋಡಬಾರದು. ಎಷ್ಟು ಉಳಿದಿದೆ ಎಂದು ಕೇಳಿದರೆ ಹೇಳಬೇಕು, ಎಲ್ಲಿ ಹೊಡೆಯಲಿ ಎಂದು ಕೇಳಿದರೆ ಬಾಯಿ ಮುಚ್ಚಿಕೊಂಡಿರಬೇಕು. ಅವನು ಎಸೆಯುವಾಗ ಕೆಮ್ಮಬಾರದು. ಆಗೆಲ್ಲ ಪಬ್ಬಿನೊಳಗೇ ಸಿಗರೇಟು ಸೇದುತ್ತಿದ್ದ ಕಾಲ, ಹೊಗೆ ನುಂಗಿ ಕೆಮ್ಮದೆ ನಿಲ್ಲುವುದು ಸುಲಭವಾಗಿರಲಿಲ್ಲ. ಜ್ಯೇಷ್ಠಮಧುವಿನ ಚೂರನ್ನು ದವಡೆಯಲ್ಲಿಟ್ಟುಕೊಂಡು ನಾನು ಆ ವರ್ಷಗಳನ್ನು ಕಳೆದೆ.

ನನ್ನ ಆಸೆ ಏನಿತ್ತೆಂದು ಇಲ್ಲೇ ಹೇಳಿಬಿಡುತ್ತೇನೆ. ಡಾರ್ಟ್ಸ್ ಮಂಡಳಿಯ ಕಾಲರ್‌ಗಳಲ್ಲಿ ಮೊದಲ ಪಟ್ಟಿ ಎಂದೊಂದಿತ್ತು. ಅದರಲ್ಲಿದ್ದವರಿಗೆ ಮಾತ್ರ ಟೀವಿಯಲ್ಲಿ ಬರುವ ದೊಡ್ಡ ಪಂದ್ಯಗಳು. ಆ ಪಟ್ಟಿಯಲ್ಲಿ ನನ್ನ ಹೆಸರು ಬರಬೇಕು, ಟೀವಿಯಲ್ಲಿ ನಾನು ಕೂಗುವುದನ್ನು ಗಿರಮಿಟ್ಟಿನ ಚಮಚ ಹಿಡಿದವರೆಲ್ಲ ನೋಡಬೇಕು. ಹೊಟ್ಟೆಯೊಳಗೆ ಕೆಂಡವಿತ್ತು, ಸುಳ್ಳೇಕೆ ಹೇಳಲಿ.

ಈಗ ನನ್ನ ದೊಡ್ಡ ತಪ್ಪಿನ ಕಥೆ. ನಮ್ಮ ಕಡೆಯವರನ್ನು ಬಿಟ್ಟು ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಕೆವಿನ್ ಎಂಬ ವೃತ್ತಿ ಆಟಗಾರನಿದ್ದ. ವುಲ್ವರ್‌ಹ್ಯಾಂಪ್ಟನ್ ಕಡೆಯವನು, ಛಾವಣಿಗೆ ಹೆಂಚು ಹೊದಿಸುವ ಕೆಲಸ ಬಿಟ್ಟು ಡಾರ್ಟ್ಸನ್ನೇ ಹೊಟ್ಟೆಪಾಡು ಮಾಡಿಕೊಂಡವನು. ವಾರಕ್ಕೆ ನಾಲ್ಕು ದಿನ ವ್ಯಾನಿನಲ್ಲಿ ಬೋರ್ಡು ತೂಗುಹಾಕುವ ಸ್ಟ್ಯಾಂಡು, ದೀಪ ಹೇರಿಕೊಂಡು ಪಬ್ಬಿನಿಂದ ಪಬ್ಬಿಗೆ ಪ್ರದರ್ಶನ ಪಂದ್ಯಗಳಿಗೆ ಹೋಗುತ್ತಿದ್ದ. ವಾಲ್ಸಾಲ್‌ನ ಒಂದು ಪಂದ್ಯದಲ್ಲಿ ಅವನಿಗೆ ಐವತ್ತೆರಡು ಉಳಿದಿತ್ತು. ಮೊದಲ ಡಾರ್ಟು ಹನ್ನೆರಡರ ಮನೆಗೂ ಐದರ ಮನೆಗೂ ನಡುವಿನ ತಂತಿಗೆ ಒರಗಿಕೊಂಡು ನಾಟಿತು. ಅವನಿದ್ದ ಕಡೆಯಿಂದ ಯಾವ ಮನೆ ಎಂದು ತಿಳಿಯುತ್ತಿರಲಿಲ್ಲ. ನನ್ನ ಕಡೆ ನೋಡಿ, "ಹನ್ನೆರಡಾ?" ಎಂದ. ನಾನು ತಲೆಯಾಡಿಸಿದೆ. ಹೇಗೆ? ನಮ್ಮಮ್ಮ, ನಮ್ಮಜ್ಜಿ, ಇಡೀ ಧಾರವಾಡ ಜಿಲ್ಲೆ ಹೌದು ಎನ್ನಲು ಹೇಗೆ ಆಡಿಸುತ್ತದೋ ಹಾಗೆ, ಒಂದು ಭುಜದಿಂದ ಇನ್ನೊಂದು ಭುಜಕ್ಕೆ.

ಅವನು ಅದನ್ನು ಇಲ್ಲ ಎಂದು ತಿಳಿದ. ಹಾಗಾದರೆ ಐದು ಹೋಗಿ ನಲವತ್ತೇಳು ಉಳಿಯಿತು ಎಂದುಕೊಂಡು ಏಳಕ್ಕೆ ಹೊಡೆದ, ಏಳು ಬಿತ್ತು. ನಲವತ್ತು ಬೇಕು ಎಂದು ಡಬಲ್ ಇಪ್ಪತ್ತಕ್ಕೆ ಹೊಡೆದ, ಅದೂ ಬಿತ್ತು. ಗೆದ್ದೆನೆಂದು ಎರಡೂ ಕೈ ಎತ್ತಿ ಕುಣಿದ, ಅವನ ಗೆಳೆಯರು ಮೇಜು ಬಡಿದರು. ಆದರೆ ಬೋರ್ಡಿನಲ್ಲಿದ್ದದ್ದು ಹನ್ನೆರಡು. ಏಳು ಹೋದ ಮೇಲೆ ಅವನಿಗೆ ಉಳಿದದ್ದು ಮೂವತ್ತಮೂರು. ನಲವತ್ತು ಹೊಡೆದರೆ ಹೆಚ್ಚಾಯಿತು. ಐದು ಎಂದುಬಿಟ್ಟಿದ್ದರೆ ಅವನು ಗೆಲ್ಲುತ್ತಿದ್ದ, ನಾನೂ ಬಚಾವಾಗುತ್ತಿದ್ದೆ, ಅಷ್ಟು ದೂರದಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನೋ ಸ್ಕೋರ್" ಎಂದು ಕೂಗಿದೆ.

ಬಿಯರಿನ ಗ್ಲಾಸೊಂದು ನನ್ನ ತಲೆಯ ಪಕ್ಕದಲ್ಲೇ ಹಾರಿಹೋಯಿತು. ಎದುರಾಳಿ ತನ್ನ ಸರದಿಯಲ್ಲಿ ಆಟ ಮುಗಿಸಿದ. ಪಂದ್ಯವಾದ ಮೇಲೆ ನಾನು ಕೆವಿನ್‌ನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ತಪ್ಪು ನನ್ನದು. ನಮ್ಮೂರಲ್ಲಿ ಹಾಗೆ ತಲೆ ಆಡಿಸಿದ್ರೆ ಹೌದು ಅಂತ."

"ಇಲ್ಲ ಅನ್ನೋಕೆ ಹೇಗೆ ಆಡಿಸ್ತೀರಿ?"

ತೋರಿಸಿದೆ.

"ಎರಡೂ ಒಂದೇ ಥರ ಇದೆಯಲ್ಲ!" ಎಂದು ಕಿರುಚಿದ. ಆಮೇಲೆ ನಾಲ್ಕು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಮಂಡಳಿಗೆ ನನ್ನ ಮೇಲೆ ದೂರು ಬರೆದದ್ದು ಬೇರೆ ಯಾರೂ ಅಲ್ಲ, ವಾಲ್ಟರೇ. ಆರು ವಾರ ಕೆಲಸವಿಲ್ಲದೆ ಮನೆಯಲ್ಲಿ ಕೂತೆ. ಮತ್ತೆ ಹೋದಾಗ ಅವರು, ಕುತ್ತಿಗೆ ನೋವಿನವರಿಗೆ ಹಾಕುವ ದಪ್ಪ ಪಟ್ಟಿಯನ್ನು ಎಲ್ಲಿಂದಲೋ ತಂದಿಟ್ಟಿದ್ದರು. "ಹಾಕ್ಕೋ. ಇನ್ನು ಮೇಲೆ ನಿನ್ನ ಬಾಯಿ ಮಾತ್ರ ಮಾತಾಡಬೇಕು" ಎಂದರು. ಎರಡು ತಿಂಗಳು ಅದನ್ನು ಹಾಕಿಕೊಂಡೇ ಅಭ್ಯಾಸ ಮಾಡಿದೆ. ಬಸವರಾಜ ಅಡುಗೆಮನೆಗೆ ಬಂದು "ಚಾ ಮಾಡ್ತಿಯೇನ?" ಎಂದು ಕೇಳುವುದು, ನನ್ನ ಕುತ್ತಿಗೆ ಅಲ್ಲಾಡದ್ದು ನೋಡಿ ಬಿದ್ದು ಬಿದ್ದು ನಗುವುದು. ಕುತ್ತಿಗೆ ನೆಟ್ಟಗಾಯಿತು. ಆದರೆ ಕನ್ನಡ ಸಂಘದ ಸಮಾರಂಭಗಳಲ್ಲಿ ಹಿರಿಯರು ಮಾತಾಡಿಸಿದಾಗ ತಲೆಯಾಡಿಸದೆ ನಿಲ್ಲುತ್ತೇನೆಂದು, ಶಾಂತಾಗೆ ಸೊಕ್ಕು ಬಂದಿದೆ ಎಂದು ಹಬ್ಬಿತು. ಹಬ್ಬಲಿ ಎಂದೆ. ರುಕ್ಸಾನಾ, ನಿನಗೆ ಕೊಡಬಹುದಾದ ಮೊದಲ ಪಾಠ ಇದು. ನಿನ್ನ ಕುತ್ತಿಗೆಯ ಮೇಲೆ ಕಣ್ಣಿಡು.

ಸೀಮೆಸುಣ್ಣ ಹೋಗಿ ಮಾರ್ಕರ್ ಪೆನ್ ಬಂತು, ಅದು ಹೋಗಿ ಕಂಪ್ಯೂಟರಿನ ಪರದೆ ಬಂತು. ಹೊಸಬರು ಪರದೆಯೇ ಕಳೆಯುತ್ತದಲ್ಲ ಎಂದು ಲೆಕ್ಕ ಮಾಡುವುದನ್ನೇ ಬಿಟ್ಟರು. ಸ್ಟೋಕ್‌ನಲ್ಲಿ ಒಮ್ಮೆ ಆಟಗಾರ ಐವತ್ತನಾಲ್ಕು ಹೊಡೆದ, ನಾನು ಐವತ್ತನಾಲ್ಕು ಎಂದೇ ಕೂಗಿದೆ, ಯಂತ್ರದ ಮುಂದೆ ಕೂತವನು ನಲವತ್ತೈದು ಒತ್ತಿದ. ಆ ಆಟಗಾರ ಮುಂದಿನ ಸರದಿಗೆ ಕೈ ಎತ್ತಿ ಎಸೆದನೆಂದರೆ ತಪ್ಪು ಲೆಕ್ಕವೇ ಖಾಯಂ, ನಿಯಮವೇ ಹಾಗೆ. ನಾನು ಅವನಿಗೂ ಬೋರ್ಡಿಗೂ ನಡುವೆ ನುಗ್ಗಿದೆ. "ನೂರ ಅರವತ್ತೇಳರಲ್ಲಿ ಐವತ್ತನಾಲ್ಕು ಹೋದರೆ ನೂರ ಹದಿಮೂರು, ಪರದೆ ತಿದ್ದಿ" ಎಂದೆ. ಯಂತ್ರದವನು ಕಂಪ್ಯೂಟರ್ ತಪ್ಪುವುದಿಲ್ಲ ಎಂದು ಹತ್ತು ನಿಮಿಷ ವಾದಿಸಿದ. ಕಂಪ್ಯೂಟರ್ ತಪ್ಪಿಲ್ಲ ಕಣಪ್ಪಾ, ನಿನ್ನ ಬೆರಳು ತಪ್ಪಿದೆ ಎಂದು ಹೇಳಿ ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಇವತ್ತಿಗೂ ನಾನು ಕಳೆಯುವುದು ಕನ್ನಡದಲ್ಲೇ, ಕೂಗುವುದು ಮಾತ್ರ ಇಂಗ್ಲಿಷಿನಲ್ಲಿ.

ಇಷ್ಟಾಗುವ ಹೊತ್ತಿಗೆ ವಾಲ್ಟರ್ ನಿವೃತ್ತರಾಗುವವರಿದ್ದರು. ಹೋಗುವ ಮೊದಲು ನನ್ನ ಹೆಸರನ್ನು ಮೊದಲ ಪಟ್ಟಿಗೆ ಶಿಫಾರಸು ಮಾಡಿದ್ದರು. ಹೇಳಿದ್ದು ಒಂದೇ ವಾಕ್ಯ: "ಲೀಡ್ಸ್ ಹತ್ರ ಒಂದು ಸೆಮಿಫೈನಲ್ ಇದೆ, ವೀಕ್ಷಕರು ಬರ್ತಾರೆ, ಹಾಳು ಮಾಡ್ಕೋಬೇಡ." ವೀಕ್ಷಕರೆಂದರೆ ಕಾಲರ್‌ನ ಕೆಲಸ ಪರೀಕ್ಷಿಸಲು ಮಂಡಳಿ ಕಳಿಸುವ ಒಬ್ಬರು, ಆ ಒಂದು ಪಂದ್ಯದಲ್ಲಿ ಅವರು ಮೆಚ್ಚಿದರೆ ನಾನು ಟೀವಿಗೆ ಹೋಗುತ್ತಿದ್ದೆ.

ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆಯ ಪಂದ್ಯ. ಗಣಿ ಕಾರ್ಮಿಕರು ಹಿಂದೆ ಕಟ್ಟಿಕೊಂಡಿದ್ದ ಕ್ಲಬ್ಬು. ಒಳಗೆ ಒಂದು ದೊಡ್ಡ ಹಾಲು, ಅಲ್ಲಿ ಹೆಂಗಸರು ಬಿಂಗೋ ಶುರುವಾಗಲೆಂದು ಕಾಯುತ್ತಾ ಕೂತಿದ್ದರು. ಅದರ ಆಚೆ ಸ್ನೂಕರ್ ಮತ್ತು ಡಾರ್ಟ್ಸಿನ ಆಟದ ಕೋಣೆ. ಆ ಕೋಣೆಯ ಬಾಗಿಲಿನಲ್ಲಿ, ನೆಲದ ಮೇಲೆ, ನಾಲ್ಕು ಬೆರಳಗಲದ ಬಿಳಿ ಗೆರೆ. ಬಸವರಾಜ ನನ್ನ ಚೀಲ ಹಿಡಿದುಕೊಂಡು ಮುಂದೆ ನಡೆದು ಗೆರೆ ದಾಟಿ ಹೋದರು, ಯಾರೋ ಅವರ ಕೈಗೆ ಚಹಾ ಕೊಟ್ಟರು. ನನ್ನ ಎದುರಿಗೆ ಕ್ಲಬ್ಬಿನ ಕಾರ್ಯದರ್ಶಿ ಫ್ರ್ಯಾಂಕ್ ಬಂದು ನಿಂತ. ಆ ಕಡೆಯವರು ಯಾರನ್ನು ಬೇಕಾದರೂ ಲವ್ ಎಂದೇ ಕರೆಯುತ್ತಾರೆ.

"ಲವ್, ನೀವು ಇಲ್ಲೀ ತನಕ ಮಾತ್ರ. ಹೆಂಗಸರು ಆ ಗೆರೆ ದಾಟೋ ಹಾಗಿಲ್ಲ."

"ಅಂಕ ಕೂಗೋದು ನಾನು."

"ಡ್ಯೂಟಿ ಲಿಸ್ಟಲ್ಲಿ ಬರೀ ಇನಿಷಿಯಲ್ ಇತ್ತು. ಗಂಡಸು ಅಂದ್ಕೊಂಡ್ವಿ." ಅವನಿಗೂ ಮುಜುಗರವಾಗಿತ್ತು, ಕೆಟ್ಟ ಮನುಷ್ಯನಲ್ಲ. "ಒಂದು ಕೆಲ್ಸ ಮಾಡೋಣ. ನಮ್ಮವನೊಬ್ಬ ಬೋರ್ಡ್ ಹತ್ರ ನಿಂತು ನೋಡಿ ಹೇಳ್ತಾನೆ, ನೀವು ಇಲ್ಲಿಂದ ಕೂಗಿ."

"ನೋಡೋನು ಅವನಾದ್ರೆ ಕೂಗೋನೂ ಅವನೇ ಆಗ್ಲಿ" ಎಂದೆ.

ಕಮಿಟಿಯವರು ಮೂರು ಜನ ಒಂದು ಮೂಲೆಯಲ್ಲಿ ಸೇರಿ ಪಿಸುಗುಟ್ಟಿದರು. ಹತ್ತು ನಿಮಿಷದಲ್ಲಿ ಒಂದು ಕಾಗದ ಬರೆದು ತಂದರು. ಈ ದಿನದ ಮಟ್ಟಿಗೆ ನನಗೆ ವಿಶೇಷ ಅನುಮತಿ ಇದೆ, ಮುಂದೆ ಯಾವ ಮಹಿಳೆಯೂ ಇದನ್ನು ಉದಾಹರಣೆಯಾಗಿ ತೋರಿಸಕೂಡದು, ಇದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು.

ಬಸವರಾಜ ಚಹಾದ ಕಪ್ಪು ಕೆಳಗಿಟ್ಟು ಗೆರೆಯ ಈಚೆಗೆ ಬಂದರು. ಮೆಲ್ಲಗೆ, "ಸೈನ್ ಮಾಡಿ ಬಿಡ ಶಾಂತಾ. ಇಷ್ಟ್ ವರ್ಷ ಕಾದೀದಿ. ಒಂದ್ ದಿನದ ಮಾತು" ಎಂದರು.

"ಒಂದ್ ದಿನದ್ದಲ್ರೀ. ನಾ ಸೈನ್ ಮಾಡಿದ್ರ, ನನ್ನ ಹಿಂದ ಬರೋ ಹೆಣ್ಮಗಳನ್ನ ತಡಿಯಾಕ ನನ್ನ ಸಹೀನ ತೋರಸ್ತಾರ."

ಅವರು ನನ್ನ ಮುಖ ನೋಡಿದರು. ಆಮೇಲೆ ಚೀಲವನ್ನು ನನ್ನ ಪಕ್ಕದಲ್ಲಿಟ್ಟು, ತಾವೂ ಅಲ್ಲೇ ನಿಂತರು. ಮತ್ತೆ ಆ ಕೋಣೆಗೆ ಹೋಗಲಿಲ್ಲ. ಮದುವೆಯಾಗಿ ಎಷ್ಟೋ ವರ್ಷಗಳಾಗಿತ್ತು, ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಅವತ್ತೇ.

ವೀಕ್ಷಕರು ನೋಟ್‌ಬುಕ್ ಹಿಡಿದು ಕೂತಿದ್ದರು. "ತೀರ್ಮಾನ ನಿಮ್ಮದು. ಆದ್ರೆ ಹೊತ್ತಾಗ್ತಿದೆ, ಅದನ್ನ ನಾನು ಬರ್ಕೋಬೇಕಾಗುತ್ತೆ" ಎಂದರು. ಪಟ್ಟಿ, ಟೀವಿ, ವಾಲ್ಟರ್ ಬರೆದ ಶಿಫಾರಸು, ಎಲ್ಲವೂ ಕೈಜಾರುತ್ತಿರುವುದು ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ಕಾಗದವನ್ನು ಫ್ರ್ಯಾಂಕ್‌ಗೆ ವಾಪಸು ಕೊಟ್ಟೆ. ಚೀಲದಿಂದ ಅಳತೆಯ ಟೇಪು ತೆಗೆದೆ.

"ಬೋರ್ಡನ್ನ ಅಳೆದು ಪಾಸ್ ಮಾಡೋದು ಕಾಲರ್ ಕೆಲ್ಸ. ಆ ಬೋರ್ಡನ್ನ ನಾನು ಅಳೆದಿಲ್ಲ, ಅದರ ಮೇಲೆ ಪಂದ್ಯ ನಡೆಯಲ್ಲ. ನಾನು ಬೋರ್ಡ್ ಹತ್ರ ಹೋಗೋ ಹಾಗಿಲ್ಲ ಅಂದ್ರೆ ಬೋರ್ಡೇ ಇಲ್ಲಿಗೆ ಬರ್ಲಿ. ನೆಲದಿಂದ ಐದಡಿ ಎಂಟಿಂಚು, ಎಸೆಯೋ ಜಾಗ ಏಳಡಿ ಒಂಬತ್ತೂ ಕಾಲಿಂಚು. ಯಾವ ಕೋಣೇಲಿ ಅಂತ ರೂಲ್ ಬುಕ್‌ನಲ್ಲಿಲ್ಲ."

ಒಳಗೆ ಕೈ ಪಳಗಿಸಿಕೊಳ್ಳುತ್ತಿದ್ದ ಆಟಗಾರರಲ್ಲಿ ಒಬ್ಬ ಕೆವಿನ್. ಎಸೆಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹೊರಗೆ ಹೋಗಿ, ವ್ಯಾನಿನಿಂದ ತನ್ನ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು ತಂದು ಹಾಲಿನ ನಡುವೆ ನಿಲ್ಲಿಸಿದ. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಆಟದ ಕೋಣೆಗೆ ಹೋದ. ಫ್ರ್ಯಾಂಕ್ ಅಡ್ಡ ನಿಂತ.

"ಇವಳು ಒಂದ್ಸಲ ನನಗೆ ನೋ ಸ್ಕೋರ್ ಕೂಗಿದ್ದಾಳೆ" ಎಂದ ಕೆವಿನ್. "ಅವತ್ತು ಒಂದು ಸುಳ್ಳು ಹೇಳಿದ್ರೆ ನಾನೂ ಗೆಲ್ತಿದ್ದೆ, ಇವಳೂ ಬಚಾವಾಗ್ತಿದ್ಲು. ಹೇಳ್ಲಿಲ್ಲ. ನಾನು ಆಡೋದಾದ್ರೆ ಇವಳು ಕೂಗಿದ್ರೆ ಮಾತ್ರ ಆಡ್ತೀನಿ. ದಾರಿ ಬಿಡು."

ಬೋರ್ಡು ಬಂತು. ನಾನು ಮಂಡಿಯೂರಿ ಕೂತು ನೆಲದಿಂದ ಅಳೆದೆ, ಎಸೆಯುವ ಜಾಗಕ್ಕೆ ಟೇಪು ಅಂಟಿಸಿದೆ. ಬಿಂಗೋಗೆ ಬಂದಿದ್ದ ಹೆಂಗಸರು ಕುರ್ಚಿಗಳನ್ನು ಈ ಕಡೆ ತಿರುಗಿಸಿಕೊಂಡರು. ಎಷ್ಟೋ ವರ್ಷಗಳಿಂದ ಆ ಕ್ಲಬ್ಬಿಗೆ ಬರುತ್ತಿದ್ದರೂ ಅಲ್ಲಿಯ ಡಾರ್ಟ್ಸ್ ಪಂದ್ಯವನ್ನು ಅವರು ಒಂದು ಸಲವೂ ನೋಡಿರಲಿಲ್ಲ. ಗಂಡಸರು ಗೆರೆಯ ಆಚೆಯಿಂದ ಒಬ್ಬೊಬ್ಬರಾಗಿ ಹೊರಗೆ ಬಂದು ಗೋಡೆಗೆ ಒರಗಿ ನಿಂತರು. ಫ್ರ್ಯಾಂಕ್ ಮಾತ್ರ ಕೈ ಎತ್ತಿ, "ಇದಕ್ಕೆ ಕಮಿಟಿಯ ಒಪ್ಪಿಗೆ ಇಲ್ಲ" ಎಂದು ಶುರು ಮಾಡಿದ.

"ಆರ್ಡರ್ ಪ್ಲೀಸ್!" ಎಂದು ಕೂಗಿದೆ. ಡಡ್ಲಿಯ ಶೆಡ್ಡಿನಲ್ಲಿ ಕಲಿತ ಪೂರ್ತಿ ದನಿ. ಫ್ರ್ಯಾಂಕ್‌ನ ಬಾಯಿ ಮುಚ್ಚಿತು. "ಗೇಮ್ ಆನ್."

ಕಾಲರ್ ಹಾಗೆ ಹೇಳಿದ ಮೇಲೆ ಆಟವನ್ನು ನಿಲ್ಲಿಸುವ ಅಧಿಕಾರ ಕಾಲರ್‌ಗೆ ಮಾತ್ರ. ಫ್ರ್ಯಾಂಕ್ ಹಳೆಯ ಕ್ಲಬ್ಬಿನವನು, ಅದು ಅವನಿಗೂ ಗೊತ್ತಿತ್ತು, ಕೂತುಕೊಂಡ. ಒಂದೂ ಕಾಲು ಗಂಟೆಯ ಪಂದ್ಯದಲ್ಲಿ ಒಂದು ಅಂಕವನ್ನೂ ನಾನು ತಪ್ಪು ಕೂಗಲಿಲ್ಲ. ಕೆವಿನ್ ಸೋತ. ಕೈ ಕುಲುಕಿ, "ಮುಂದಿನ ಸಲ ಸ್ಟ್ಯಾಂಡು ನೀನೇ ತಾ" ಎಂದು ಹೇಳಿ ಹೋದ.

ಮೂರು ವಾರಗಳ ಮೇಲೆ ಪತ್ರ ಬಂತು. ಪಂದ್ಯ ನಲವತ್ತು ನಿಮಿಷ ತಡವಾಗಿ ಶುರುವಾಯಿತು, ಅಭ್ಯರ್ಥಿಗೆ ಸಂದರ್ಭಕ್ಕೆ ಹೊಂದಿಕೊಳ್ಳುವ ಸ್ವಭಾವ ಸಾಲದು, ಆದ್ದರಿಂದ ಮೊದಲ ಪಟ್ಟಿಗೆ ಪರಿಗಣಿಸಿಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತೆ, ಮುಚ್ಚಿಡುವುದೇಕೆ. ವಾಲ್ಟರ್‌ಗೆ ಫೋನ್ ಮಾಡಿದೆ. ಅವರು "ಕೂಗಿದ್ದು ಹಿಂದಿನ ಸಾಲಿಗೆ ಕೇಳಿಸ್ತಾ?" ಎಂದರು. ಕೇಳಿಸಿತು ಎಂದೆ. "ಹಾಗಾದ್ರೆ ಸರಿ" ಎಂದರು. ನಾನು ಅವರಿಂದ ಪಡೆದ ಹೊಗಳಿಕೆ ಅದೊಂದೇ. ಮೊದಲ ಪಟ್ಟಿಗೆ ನನ್ನ ಹೆಸರು ಯಾವತ್ತೂ ಬರಲಿಲ್ಲ. ಟೀವಿಯಲ್ಲಿ ನನ್ನನ್ನು ಯಾರೂ ನೋಡಿಲ್ಲ. ಹೊಂದಿಕೊಂಡಿದ್ದರೆ ನೋಡುತ್ತಿದ್ದರು. ಆ ಕಾಗದವನ್ನು ಇವತ್ತು ನನ್ನ ಮುಂದೆ ತಂದಿಟ್ಟರೂ ಸಹಿ ಮಾಡುವುದಿಲ್ಲ.

ಕೆಲವು ವರ್ಷಗಳಾದ ಮೇಲೆ ಆ ಕ್ಲಬ್ಬು ಹೆಂಗಸರಿಗೂ ಪೂರ್ಣ ಸದಸ್ಯತ್ವ ಕೊಟ್ಟಿತು. ಫ್ರ್ಯಾಂಕ್ ತಾನೇ ಫೋನ್ ಮಾಡಿ ಕರೆದ, ಬಸವರಾಜ ಕಾರು ಓಡಿಸಿದರು. ಬಿಳಿ ಗೆರೆಯನ್ನು ನೆಲದ ಬಣ್ಣ ಬಳಿದು ಮುಚ್ಚಿದ್ದರು, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುತ್ತಿತ್ತು. "ಬನ್ನಿ ಲವ್, ದಾಟಿ ಒಳಗೆ ಬನ್ನಿ. ಒಂದು ಫೋಟೋ ತೆಗೆಯೋಣ" ಎಂದು ಫ್ರ್ಯಾಂಕ್ ಕ್ಯಾಮೆರಾ ಹಿಡಿದು ನಿಂತ. ನಾನು ಬಾಗಿಲಲ್ಲೇ ನಿಂತು ಆ ಕೋಣೆಯನ್ನು ನೋಡಿದೆ. ಸ್ನೂಕರ್ ಮೇಜುಗಳಿದ್ದವು. ಎದುರಿನ ಗೋಡೆಯಲ್ಲಿ ಸ್ಕ್ರೂ ಬಿಚ್ಚಿದ ತೂತುಗಳಿದ್ದವು, ಅಷ್ಟೇ.

"ಬೋರ್ಡ್ ಎಲ್ಲಿ?"

"ಅವತ್ತಿಂದ ಹಾಲ್‌ನಲ್ಲೇ ಇದೆ" ಎಂದ. "ವಾಪಸ್ ತರೋಕೆ ಹೆಂಗಸರು ಬಿಡಲಿಲ್ಲ."

"ಹಾಗಾದ್ರೆ ಈ ಕೋಣೇಲಿ ನನಗೇನು ಕೆಲ್ಸ?" ಎಂದು ಹೇಳಿ, ಹಾಲಿನ ಕಡೆಗೆ ನಡೆದೆ.